ನಮ್ಮವರು ಯಾರು?

(ಬೈಲಹೊಂಗಲದಲ್ಲಿ ಗಿರಣಿ ಕಾಮಗಾರರೂ ಸಣ್ಣ ವ್ಯಾಪಾರಸ್ಥರೂ ಕೂಡಿದ ಸಭೆಯಲ್ಲಿ ಪಕ್ಷದ ಸಂಘಟಕರೊಬ್ಬರು ಮಾಡಿದ ಭಾಷಣ)



ನಾನು ಮೆಟ್ರಿಕ್‌ವರೆಗೆ ಕಲಿತವನು. ಪಕ್ಷದ ಕೆಲಸಕ್ಕೆ ಬರುವ ಮೊದಲು ಸಾಲೆಯಲ್ಲಿ ಮಾಸ್ತರಿಕೆ ಮಾಡಿದವನು. ಮಾಸ್ತರನಿಗೆ ಒಂದು ರೂಢಿ ಬಿದ್ದಿರುತ್ತದೆ. ಉತ್ತರಕ್ಕೆ ಕೈಹಾಕುವ ಮೊದಲು ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯುತ್ತಾನೆ. ಇಂದಿನ ಪ್ರಶ್ನೆ ಎರಡೇ ಶಬ್ದದ್ದು: ನಮ್ಮವರು ಯಾರು?

ನಮ್ಮ ಕಡೆ ಹೊಸಬನೊಬ್ಬ ಊರಿಗೆ ಬಂದರೆ ಮೊದಲು ಕೇಳುವುದು ಯಾವ ಊರು ಎಂದು. ಎರಡನೆಯದಾಗಿ ಕೇಳುವುದು ಯಾರ ಪೈಕಿ ಎಂದು. ಈ ಎರಡಕ್ಕೂ ಸರಿಯಾದ ಉತ್ತರ ಬಂದರೆ ಚಹಾ ಬರುತ್ತದೆ, ಮಲಗಲು ಕಟ್ಟೆ ಸಿಗುತ್ತದೆ. ಇದನ್ನು ನಾನು ಹೀಯಾಳಿಸುವುದಿಲ್ಲ. ಸವದತ್ತಿ ಕಡೆಯಿಂದಲೋ ರಾಮದುರ್ಗದ ಕಡೆಯಿಂದಲೋ ಹತ್ತಿ ಗಿರಣಿಗೆ ಕೆಲಸ ಹುಡುಕಿಕೊಂಡು ಬಂದವನಿಗೆ ಮೊದಲ ರಾತ್ರಿ ಆಸರೆ ಕೊಡುವವರು ಅವನ ಊರವರೇ, ಅವನ ಪೈಕಿಯವರೇ. ಆದರೆ ಆ ಮೊದಲ ರಾತ್ರಿ ಕಳೆದ ಮೇಲೆ, ಕಷ್ಟ ಬಂದ ದಿನ, ಈ ಎರಡು ಪ್ರಶ್ನೆಗಳಿಂದ ನಮ್ಮವರನ್ನು ಗುರುತಿಸಲು ಸಾಧ್ಯವೆ? ನಾನು ಸಾಧ್ಯವೆಂದು ನಂಬಿದ್ದೆ. ನಂಬಿ ಮೋಸಹೋದೆ. ಆ ಮೋಸದ ಲೆಕ್ಕವನ್ನು ಮೊದಲು ನಿಮ್ಮ ಮುಂದೆ ಇಡುತ್ತೇನೆ.

ಕಳೆದ ಹಂಗಾಮಿನ ಸಂಪು ನಿಮಗೆ ನೆನಪಿದೆ. ರಾತ್ರಿಪಾಳಿಯಲ್ಲಿ ಹನ್ನೊಂದು ತಾಸು ದುಡಿಸಿ ಎಂಟು ತಾಸಿನ ಪಗಾರ ಕೊಡುತ್ತಿದ್ದರು. ಒಂದು ದಿನದಲ್ಲಿ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಿದರೆ ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ಪಗಾರವೆಂದು 1948ರ ಕಾರಖಾನೆ ಕಾಯಿದೆಯಲ್ಲಿಯೇ ಬರೆದಿದ್ದರು. ಬರೆದದ್ದು ಪುಸ್ತಕದಲ್ಲಿ ಉಳಿದಿತ್ತು. ನಾವು ನಲವತ್ತಮೂರು ಮನೆಯವರು ಕೆಲಸ ನಿಲ್ಲಿಸಿದೆವು. ಹತ್ತೊಂಬತ್ತು ದಿನ ನಿಲ್ಲಿಸಿದೆವು.

ಸಂಪಿನ ನಿಧಿಗೆ ಒಬ್ಬ ಖಜಾಂಚಿ ಬೇಕಾಯಿತು. ನಾನು ನಮ್ಮೂರವನನ್ನೇ ಆರಿಸಿದೆ. ಅವನು ನನ್ನ ಜಾತಿಯವನು, ಚಿಕ್ಕಂದಿನಿಂದ ಕಂಡವನು. ಒಂದೇ ಬಾವಿಯ ನೀರು ಕುಡಿದವರು ನಾವು. "ಇವನು ನಮ್ಮವನು, ರಸೀದಿ ಯಾಕೆ?" ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಹನ್ನೊಂದನೆಯ ದಿನ ಅವನು ಗಿರಣಿಯ ಒಳಗಿದ್ದ. ಹದಿಮೂರನೆಯ ದಿನ ಮುಕಾದಮನಾಗಿದ್ದ. ನಿಧಿಯ ಹಣವೂ ಬರಲಿಲ್ಲ, ಲೆಕ್ಕವೂ ಬರಲಿಲ್ಲ.

ಅಂದು ರಾತ್ರಿ ನಾನು ಪೇಟೆಯ ಮೂಲೆಯ ಕಿರಾಣಿ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಕಾರರ ಹೆಸರನ್ನು ನಾನು ಹೇಳುವುದಿಲ್ಲ, ಹೇಳಬಾರದೆಂದು ಅವರ ಅಪ್ಪಣೆಯಾಗಿದೆ. ಅವರು ನನ್ನ ಊರವರಲ್ಲ, ಜಾತಿಯವರಲ್ಲ, ನಮ್ಮ ಪಕ್ಷದ ಚಂದಾದಾರರೂ ಅಲ್ಲ. ಅದಕ್ಕೂ ಹಿಂದೆ ಒಂದು ಭಾಷಣದಲ್ಲಿ ನಾನು ವ್ಯಾಪಾರಸ್ಥರನ್ನೆಲ್ಲ ಒಂದೇ ಗೋಣಿಚೀಲಕ್ಕೆ ತುಂಬಿ ಬಯ್ದಿದ್ದೆ. ಅದನ್ನು ಅವರು ಕೇಳಿದ್ದರು. ಆದರೂ ಕರೆದು ಹೇಳಿದರು: "ಮಾಸ್ತರ್ರ, ನೀವು ಭಾಷಣಾ ಮಾಡ್ರಿ, ಜ್ವಾಳದ ಚಿಂತಿ ನನಗ ಬಿಡ್ರಿ. ಖಾತೇದಾಗ ಬರಕೋತೀನಿ. ಇದು ಧರ್ಮಾ ಅಲ್ಲ, ಉದ್ರಿ. ನಿಮ್ಮ ಪಗಾರ ನಿಂತ್ರ ನನ್ನ ತಕ್ಕಡೀನೂ ನಿಂತಂಗ ಅಲ್ಲೇನ್ರಿ?"

ಇನ್ನೊಂದು ರಾತ್ರಿಯ ಮಾತು. ಹದಿನೈದನೆಯ ದಿನ ನಮ್ಮ ಹುಡುಗರಿಗೆ ಸಿಟ್ಟು ನೆತ್ತಿಗೇರಿತ್ತು. ಗಿರಣಿಯ ಅಂಗಳದಲ್ಲಿ ಬಿದ್ದ ಹತ್ತಿಯ ರಾಶಿಗೆ ಬೆಂಕಿ ಹಚ್ಚೋಣ ಎಂದು ನಾಲ್ಕೈದು ಮಂದಿ ಹೊರಟರು. ದಾರಿಯಲ್ಲಿ ಹತ್ತಿ ಆರಿಸುವ ಕೆಲಸದ ಮುದುಕಿಯೊಬ್ಬಳು ಅಡ್ಡ ಕುಳಿತಳು. "ಅದು ಸಾವಕಾರನ ಹತ್ತಿ ಅಲ್ರೋ, ರೈತರದು. ಇನ್ನೂ ರೊಕ್ಕ ಮುಟ್ಟಿಲ್ಲ ಅವರಿಗೆ. ಹಚ್ಚೂದಿದ್ರ ನನ್ನ ದಾಟಿ ಹೋಗ್ರಿ" ಎಂದಳು. ಹುಡುಗರು ಅವಳನ್ನು ಬಯ್ದರು, "ಸಾವಕಾರನ ಕಡೆಯವಳು" ಎಂದರು. ಆದರೆ ದಾಟಲಿಲ್ಲ. ಆ ರಾತ್ರಿ ರಾಶಿ ಸುಟ್ಟಿದ್ದರೆ ಮರುದಿನ ನಮ್ಮ ಕಡೆ ಒಬ್ಬ ರೈತನೂ ಇರುತ್ತಿರಲಿಲ್ಲ, ಒಬ್ಬ ಅಂಗಡಿಕಾರನೂ ಇರುತ್ತಿರಲಿಲ್ಲ. ಸಂಪು ಪೊಲೀಸ್ ಠಾಣೆಯಲ್ಲಿ ಮುಗಿಯುತ್ತಿತ್ತು. ಹತ್ತೊಂಬತ್ತನೆಯ ದಿನ ಅದು ಮಾತುಕತೆಯಲ್ಲಿ ಮುಗಿಯಿತು. ಹಿಂದಿನ ಬಾಕಿ ಕೊಡಲಿಲ್ಲ. ಆದರೆ ಮುಂದೆ ದುಡಿದಷ್ಟು ತಾಸಿಗೆ ಪಗಾರ ಕೊಡಲು ಒಪ್ಪಿದರು.

ಯಾರ ಪೈಕಿ ಎಂದು ಕೇಳಿ ನಾನು ಆರಿಸಿದವನು ಕೈಬಿಟ್ಟ. ನಾನು ಕೇಳದೆ ಬಿಟ್ಟ ಇಬ್ಬರು ಕೈಹಿಡಿದರು. ಇದು ನನ್ನೊಬ್ಬನ ಅನುಭವವೆ ಎಂದು ಯೋಚಿಸಿದೆ. ಈ ನೆಲದ ಚರಿತ್ರೆಯನ್ನು ತೆರೆದು ನೋಡಿದರೆ ಪುಟಪುಟಕ್ಕೂ ಇದೇ ಪಾಠವಿದೆ.

ಕಿತ್ತೂರಿನ ಮಾತು ತೆಗೆದುಕೊಳ್ಳಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ ಥ್ಯಾಕರೆ ಕೋಟೆಯ ಮುಂದೆ ಸತ್ತುಬಿದ್ದ. ಕಿತ್ತೂರು ಗೆದ್ದಿತು. ಗೆದ್ದ ದಿನ ಎಲ್ಲರೂ ರಾಣಿ ಚೆನ್ನಮ್ಮನವರ ಕಡೆಯವರೇ. ಡಿಸೆಂಬರದಲ್ಲಿ ಇಂಗ್ಲಿಷರು ದೊಡ್ಡ ಸೈನ್ಯ ತಂದು ಕೋಟೆ ಹಿಡಿದರು. ಸಂಸ್ಥಾನದ ಉಪ್ಪುಂಡವರಲ್ಲೇ ಇಂಗ್ಲಿಷರ ಕಡೆಗೆ ವಾಲಿದವರಿದ್ದರೆಂದು ಜನರು ಇಂದಿಗೂ ಹೆಸರು ಹಿಡಿದು ಹೇಳುತ್ತಾರೆ. ಚೆನ್ನಮ್ಮನವರನ್ನು ಇದೇ ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. 1829ರ ಫೆಬ್ರುವರಿಯಲ್ಲಿ ಅವರು ಇಲ್ಲಿಯೇ ತೀರಿಕೊಂಡರು. ಅವರ ಸಮಾಧಿ ನಮ್ಮ ಊರಲ್ಲಿದೆ.

ರಾಣಿಯೇ ಸೆರೆಯಲ್ಲಿದ್ದಾಗ, ಗೆಲ್ಲುವ ಆಸೆ ಉಳಿಯದಿದ್ದಾಗ, ಕಿತ್ತೂರಿನ ಕಡೆ ಉಳಿದವರು ಯಾರು? ಸಂಗೊಳ್ಳಿಯ ರಾಯಣ್ಣ. ಆತ ದೇಸಾಯಿಯಲ್ಲ, ಸರದಾರನಲ್ಲ. ಊರ ವಾಲೀಕಾರಿಕೆಯ ಮನೆತನದವನು, ಕುರುಬರವನು. ಇಂಗ್ಲಿಷರು ಅವನ ಭೂಮಿ ಕಸಿದುಕೊಂಡರು. ಉಳಿದ ತುಂಡಿಗೆ ಭಾರಿ ತೆರಿಗೆ ಹಾಕಿದರು. ಅವನು ದಂಡು ಕಟ್ಟಿದ್ದು ತನ್ನ ಹಾಗೆಯೇ ನೆಲ ಕಳೆದುಕೊಂಡ ಬಡವರಿಂದ. ಅವನ ಸಂಗಡ ಸಿದ್ದಿ ಗಜವೀರನಿದ್ದ ಎಂದು ಜನರು ಹಾಡುತ್ತಾರೆ. ಕುರುಬನ ಮನೆಯ ಹುಡುಗನಿಗೂ ಆಫ್ರಿಕದಿಂದ ಬಂದ ಕುಲದ ಸಿದ್ದಿಗೂ ಯಾವ ನೆಂಟಸ್ತಿಕೆ? ಇಬ್ಬರ ಮೇಲೂ ಬಿದ್ದ ಪೆಟ್ಟು ಒಂದೇ ಆಗಿತ್ತು, ಅದೇ ನೆಂಟಸ್ತಿಕೆ.

ಬೀಡಿ, ನಂದಗಡ, ಸಂಪಗಾವಿಗಳಲ್ಲಿ ಅವರು ಸರಕಾರದ ಕಚೇರಿಗಳ ಮೇಲೆ ಬಿದ್ದರು. 1830ರ ಏಪ್ರಿಲ್‌ನಲ್ಲಿ ರಾಯಣ್ಣನನ್ನು ಹಿಡಿದದ್ದು ಕಾಳಗದಲ್ಲಲ್ಲ, ಮೋಸದಿಂದ. ಹಾಡುಗಳಲ್ಲಿ ಆ ಮೋಸಕ್ಕೆ ಸೋದರಮಾವನ ಹೆಸರೂ ಅಂಟಿಕೊಂಡಿದೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಇಲ್ಲಿಂದ ನಾನು ಕಲಿತ ಮೊದಲ ಗುಣ: ಸೋತ ಮೇಲೂ ಉಳಿಯುವವನು ನಮ್ಮವನು. ಗೆದ್ದ ದಿನದ ಹಾಜರಿಯನ್ನು ನಂಬಬೇಡಿರಿ. ಸಂಪಿನ ಮೊದಲ ದಿನ ನಮ್ಮಲ್ಲಿ ಘೋಷಣೆ ಕೂಗಿದವರೆಷ್ಟು, ಹದಿನೆಂಟನೆಯ ದಿನ ಬಾಗಿಲ ಮುಂದೆ ಕುಳಿತವರೆಷ್ಟು ಎಂಬುದನ್ನು ನೀವೇ ಎಣಿಸಿ ನೋಡಿ.

ಇನ್ನು ರಾಮದುರ್ಗ. ಅದು ಸಂಸ್ಥಾನವಾಗಿದ್ದಾಗ ಪ್ರಜೆಗಳು ಸಂಘ ಕಟ್ಟಿ ತೆರಿಗೆಯ ಭಾರ ಇಳಿಸಬೇಕೆಂದು ಕೇಳಿದರು. ಬೇಡಿಕೆ ನ್ಯಾಯವಾದದ್ದು. 1939ರ ಏಪ್ರಿಲ್‌ನಲ್ಲಿ ಮುಂದಾಳುಗಳನ್ನು ಸೆರೆಹಿಡಿದಾಗ ಹಳ್ಳಿಹಳ್ಳಿಯ ಜನ ರೊಚ್ಚಿಗೆದ್ದು ಬಂದರು. ರಕ್ತಪಾತವಾಯಿತು. ಪೊಲೀಸರೂ ಹತರಾದರು. ಆ ಪೊಲೀಸರು ಯಾರು? ಸಂಬಳಕ್ಕೆ ದುಡಿಯುವ ಬಡವರ ಮಕ್ಕಳು. ಗಾಂಧೀಜಿಯವರು ಪ್ರಜೆಗಳ ಹಕ್ಕಿನ ಪರವಾಗಿಯೇ ಇದ್ದವರು, ಆದರೂ ಈ ಹಿಂಸೆಯನ್ನು ಒಪ್ಪಲಿಲ್ಲ. ಮುಂದೆ ಮೊಕದ್ದಮೆಗಳು ನಡೆದು ಕಠಿಣ ಶಿಕ್ಷೆಗಳಾದವು. ತೆರಿಗೆಯ ಮಾತು ಹಿಂದೆ ಬಿದ್ದು ಕೊಲೆಯ ಮಾತು ಮುಂದೆ ಬಂದಿತು. ಬಡವರ ಬೇಡಿಕೆಗೆ ಇದಕ್ಕಿಂತ ದೊಡ್ಡ ಹಾನಿ ಬೇರಿಲ್ಲ.

ಆದುದರಿಂದ ಎರಡನೆಯ ಗುಣ: ನಾವು ತಪ್ಪುವಾಗ ಅಡ್ಡ ಕುಳಿತುಕೊಳ್ಳುವವನು ನಮ್ಮವನು. "ಹೌದ್ರಿ, ಹೌದ್ರಿ" ಎಂದು ನಮ್ಮ ಸಿಟ್ಟಿಗೆ ಎಣ್ಣೆ ಹೊಯ್ಯುವವನಿಗೆ ಖರ್ಚೇನೂ ಇಲ್ಲ. ತನ್ನ ಜನರಿಂದಲೇ ಬಯ್ಯಿಸಿಕೊಂಡು ತನ್ನ ಜನರನ್ನೇ ಉಳಿಸುವುದು ಕಷ್ಟದ ಕೆಲಸ. ಆ ಮುದುಕಿ ಅದನ್ನು ಮಾಡಿದಳು. ಅವಳು ಇಂದು ಈ ಸಭೆಯ ಕೊನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಮುಂದಿನ ಸಾಲಿಗೆ ಬಾ ಎಂದರೆ ಬರಲೊಲ್ಲಳು.

ಸವದತ್ತಿಯ ಮಾತನ್ನು ಸ್ವಲ್ಪ ಅಂಜಿಕೆಯಿಂದಲೇ ಎತ್ತುತ್ತೇನೆ, ಏಕೆಂದರೆ ಅದು ಭಕ್ತಿಯ ಜಾಗ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದವರು ನೀವೆಲ್ಲ. ಅಲ್ಲಿ ಬಂಡಿಗೆ ಬಂಡಿ ಹತ್ತಿ ನಿಲ್ಲುತ್ತದೆ. ಪಡ್ಡಲಗಿ ತುಂಬುವಾಗ ರೊಟ್ಟಿ, ಕಡುಬು, ಪಲ್ಯಗಳನ್ನು ಮೊದಲು ಬೇರೆಯವರಿಗೆ ಹಂಚಿ ಆಮೇಲೆ ಉಣ್ಣುತ್ತಾರೆ. ಇದು ನಮ್ಮ ಜನರ ದೊಡ್ಡ ಗುಣ. ಆದರೆ ಅದೇ ಗುಡ್ಡದ ಹೆಸರಿನಲ್ಲಿ ಬಡವರ ಮನೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರು. ಕಟ್ಟಿಸಿದವರು ಪರದೇಶದವರಲ್ಲ. ಹೆತ್ತವರು, ಓಣಿಯ ಹಿರಿಯರು, ಅಂದರೆ "ನಮ್ಮವರು". 1982ರಲ್ಲಿ ಕರ್ನಾಟಕ ಸರಕಾರ ಇದನ್ನು ಕಾಯಿದೆಯಿಂದ ನಿಷೇಧಿಸಬೇಕಾಯಿತು. ಕಾಯಿದೆ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಮುಂದೆ ಬೆಳಗಾವಿ ಜಿಲ್ಲೆಯಲ್ಲಿ ಆ ಹೆಂಗಸರೇ ಒಬ್ಬರನ್ನೊಬ್ಬರು ಹುಡುಕಿಕೊಂಡು ಸಂಘ ಕಟ್ಟಿದರು. ತಮಗಾದದ್ದು ಮುಂದಿನ ಹುಡುಗಿಗೆ ಆಗಬಾರದೆಂದು ಊರೂರಿಗೆ ನಡೆದರು. ರಕ್ತದ ನೆಂಟರು ಮಾರಿದ್ದನ್ನು ಕಷ್ಟದ ನೆಂಟರು ಕಾಯ್ದರು. ಇದು ಮೂರನೆಯ ಗುಣ: ತಾನು ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದೆಂದು ದುಡಿಯುವವನು ನಮ್ಮವನು. ನಮ್ಮ ಹಳೆಯ ಖಜಾಂಚಿಯೂ ಪಾಡು ಪಟ್ಟವನೇ. ಮುಕಾದಮನಾದ ಮೇಲೆ ಅದೇ ಪಾಡನ್ನು ಬೇರೆಯವರಿಗೆ ಅಳೆದು ಕೊಡುತ್ತಿದ್ದಾನೆ.

ಅಳತೆಯ ಮಾತು ಬಂತು. ಅಂಗಡಿಕಾರ ಬಂಧುಗಳೆ, ಈಗ ಹೇಳುವುದನ್ನು ನೀವು ವಿಶೇಷವಾಗಿ ಕೇಳಬೇಕು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಕಾಗೋಡು ಎಂಬ ಊರಿದೆ. 1951ರಲ್ಲಿ ಅಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಆ ಜಗಳದ ಬೇರು ಒಂದು ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಹಿಡಿಯುತ್ತಿದ್ದರು. ಗೇಣಿದಾರರು ಕೇಳಿದ್ದು ರಾಜ್ಯವನ್ನಲ್ಲ. ಸರಿಯಾದ ಅಳತೆಯ ಕೊಳಗವನ್ನು ಕೇಳಿದರು. ಅದನ್ನು ಕೇಳಿದ್ದಕ್ಕೆ ಉಳುವ ಭೂಮಿಯಿಂದಲೇ ಅವರನ್ನು ಹೊರಹಾಕಲು ಹೊರಟರು.

ಗೇಣಿದಾರರು ಹೆಚ್ಚಾಗಿ ದೀವರು. ಅವರ ಮುಂದಾಳು ಎಚ್. ಗಣಪತಿಯಪ್ಪ. ಸಂಗಡ ನಿಂತವರು ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು, ಅವರು ದೀವರಲ್ಲ. ಡಾಕ್ಟರ್ ರಾಮಮನೋಹರ ಲೋಹಿಯಾ ಉತ್ತರ ಪ್ರದೇಶದಿಂದ ಬಂದವರು, ಕನ್ನಡ ಬಾರದವರು. ಅವರೂ ಕಾಗೋಡಿಗೆ ಹೋಗಿ ಸೆರೆಯಾದರು. ಯಾವ ಊರು, ಯಾರ ಪೈಕಿ ಎಂದು ಗೇಣಿದಾರರು ಕೇಳುತ್ತ ಕುಳಿತಿದ್ದರೆ ಲೋಹಿಯಾ ಅವರಿಗೆ ಕಟ್ಟೆಯ ಮೇಲೆ ಜಾಗ ಸಿಗುತ್ತಿರಲಿಲ್ಲ. ಮರುವರ್ಷ, 1952ರ ಚುನಾವಣೆಯಲ್ಲಿ, ಅದೇ ಸೀಮೆಯ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಉಳುವವನಿಗೆ ಭೂಮಿ ಎಂಬ ಮಾತು ಕಾಯಿದೆಯಾಗಿ ಬಂದಾಗ ಅದರ ಹಿಂದೆ ಕಾಗೋಡಿನ ಕೊಳಗವೂ ಇತ್ತು.

ನಮ್ಮ ಸಂಪಿನ ಬೇರೂ ಕೊಳಗವೇ ಅಲ್ಲವೆ? ದುಡಿಸಿಕೊಳ್ಳುವಾಗ ಹನ್ನೊಂದು ತಾಸಿನ ಕೊಳಗ, ಪಗಾರ ಕೊಡುವಾಗ ಎಂಟು ತಾಸಿನ ಕೊಳಗ. ಅದಕ್ಕೆ ನಾಲ್ಕನೆಯ ಗುಣವನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ತಿಳಿಯುತ್ತೇನೆ: ಕೊಡುವಾಗಲೂ ಕೊಳ್ಳುವಾಗಲೂ ಒಂದೇ ಕೊಳಗ ಹಿಡಿಯುವವನು ನಮ್ಮವನು. ಅವನು ಕಾಮಗಾರನಿರಲಿ, ಅಂಗಡಿಕಾರನಿರಲಿ, ಯಾವ ಮಠದ ಭಕ್ತನಿರಲಿ, ಮಸೀದಿಗೆ ಹೋಗುವವನಿರಲಿ. ಎರಡು ಕೊಳಗ ಇಟ್ಟುಕೊಂಡವನು ಒಡಹುಟ್ಟಿದವನಾದರೂ ಅವನ ಕೈಗೆ ನಿಧಿ ಕೊಡಬಾರದು.

ಇದು ನಮಗೆ ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯ, ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸ ಒಂದೆಡೆ ಕೂಡಿದಾಗ ಅವರನ್ನು ಕೂಡಿಸಿದ್ದು ಕಾಯಕ ಮತ್ತು ದಾಸೋಹ. ದುಡಿದು ಉಣ್ಣಬೇಕು, ಹಂಚಿ ಉಣ್ಣಬೇಕು. ಕಲ್ಯಾಣ ಒಡೆದ ಮೇಲೆ ಶರಣರು ಉಳವಿಯ ಕಡೆಗೆ ನಮ್ಮ ಈ ಸೀಮೆಯನ್ನೇ ಹಾಯ್ದುಹೋದರೆಂದು ಹಿರಿಯರು ಹೇಳುತ್ತಾರೆ. ಕಿತ್ತೂರಿಗೆ ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ನಡುವೆ ಗಂಗಾಂಬಿಕೆಯವರ ಐಕ್ಯಸ್ಥಳವಿದೆ. ಆ ಜನರನ್ನು ದಾರಿಯುದ್ದಕ್ಕೂ ಬಚ್ಚಿಟ್ಟು ಉಣಿಸಿದವರು ಯಾರ ಪೈಕಿ ಎಂದು ಕೇಳಿ ಉಣಿಸಿದರೆಂದು ನನಗೆ ಅನಿಸುವುದಿಲ್ಲ.

ಇಲ್ಲಿಯವರೆಗೆ ನಾನು ಬೇರೆಯವರಲ್ಲಿ ಹುಡುಕಬೇಕಾದ ಗುಣಗಳನ್ನು ಹೇಳಿದೆ. ಇಲ್ಲಿಗೆ ಮುಗಿಸಿದರೆ ನೀವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೀರಿ. ಆದರೆ ಹಲಗೆಯ ಮೇಲೆ ಬರೆದ ಪ್ರಶ್ನೆಯನ್ನು ತಿರುಗಿಸಿಯೂ ಓದಬೇಕು. ನಾವು ಯಾರವರು? ಕಿರಾಣಿ ಅಂಗಡಿಯವರು ಕಷ್ಟದಲ್ಲಿ ನಮ್ಮವರಾದರು. ಅವರ ಕಷ್ಟದಲ್ಲಿ ನಾವು ಅವರವರಾದೆವೆ?

ಲೆಕ್ಕ ಕೇಳಿ. ಸಂಪಿನಲ್ಲಿ ಉದ್ರಿ ಒಯ್ದ ಮನೆಗಳು ನಲವತ್ತಮೂರು. ಪೂರ್ತಿ ತೀರಿಸಿದವರು ಇಪ್ಪತ್ತಾರು. ಉಳಿದ ಹದಿನೇಳರಲ್ಲಿ ಕೆಲವರ ಮನೆಯಲ್ಲಿ ನಿಜವಾಗಿಯೂ ಒಲೆ ಹೊತ್ತುವುದು ಕಷ್ಟವಾಗಿದೆ. ಅವರ ಮಾತು ಬೇರೆ. ಆದರೆ ಪಗಾರ ಬರುತ್ತಿರುವ ಕೆಲವರು ಏನು ಹೇಳುತ್ತಿದ್ದಾರೆಂದು ನನ್ನ ಕಿವಿಗೆ ಬಿದ್ದಿದೆ: "ಅವ ಅಂಗಡಿಯವ, ನಮ್ಮಿಂದ ಭಾಳ ಗಳಿಸ್ಯಾನ, ಬಿಡ್ರಿ." ಹೀಗೆ ಹೇಳಿದವನ ಕೈಯಲ್ಲಿ ಎರಡು ಕೊಳಗ ಇವೆ. ಒಯ್ಯುವಾಗ ಅಂಗಡಿಯವ ನಮ್ಮವ, ಕೊಡುವಾಗ ಅಂಗಡಿಯವ ಸಾವಕಾರ. ಗಿರಣಿಯ ಮಾಲಕ ತಾಸು ಕದ್ದದ್ದಕ್ಕೂ ಇದಕ್ಕೂ ವ್ಯತ್ಯಾಸವನ್ನು ಯಾರಾದರೂ ನನಗೆ ತೋರಿಸಬೇಕು.

ಅವರ ಪುಸ್ತಕವನ್ನು ನಾನು ಕುಳಿತು ನೋಡಿದ್ದೇನೆ. ಜೋಳ, ಬೇಳೆ, ಎಣ್ಣೆ, ಉಪ್ಪು, ಎಲ್ಲಕ್ಕೂ ಸಂಪಿನ ಮೊದಲಿನ ದರವನ್ನೇ ಹಾಕಿದ್ದಾರೆ. ಒಂದು ಮನೆಯಲ್ಲಿ ಬಾಣಂತಿಗೆ ಒಯ್ದ ಬೆಲ್ಲಕ್ಕೆ ದರವನ್ನೇ ಬರೆದಿಲ್ಲ. ಠೋಕ ವ್ಯಾಪಾರಿ ಅವರ ಮೇಲೆ ತಗಾದೆ ಹಾಕಿದ್ದಾನೆ. ಅವರ ಮನೆಯವರ ಬಿಲ್ವಾರ ಒತ್ತೆ ಬಿದ್ದಿವೆ. ಅಂಗಡಿಯ ಅರ್ಧ ಕಪಾಟು ಬರಿದಾಗಿದೆ. ನಾವು ತೀರಿಸದಿದ್ದರೆ ಆ ಅಂಗಡಿ ಮುಚ್ಚುತ್ತದೆ. ಮುಂದಿನ ಸಲ ಸಂಪು ಬಂದಾಗ ಬೈಲಹೊಂಗಲದ ಯಾವ ಅಂಗಡಿಕಾರನೂ ಖಾತೆ ತೆರೆಯುವುದಿಲ್ಲ. ಆಗ ಗಿರಣಿಯ ಮಾಲಕ ನಮ್ಮನ್ನು ಸೋಲಿಸಬೇಕಾದದ್ದೇ ಇರುವುದಿಲ್ಲ. ನಾವೇ ನಮ್ಮನ್ನು ಸೋಲಿಸಿಕೊಂಡಿರುತ್ತೇವೆ.

ನಿಧಿಯ ಹಣ ಹೋದದ್ದು ನನ್ನ ತಪ್ಪಿನಿಂದ. ರಸೀದಿ ಬೇಡವೆಂದವನು ನಾನು. ಅದರ ಹೊಣೆಯನ್ನು ನಾನು ಬೇರೆಯವರ ಮೇಲೆ ಹೊರಿಸುವುದಿಲ್ಲ. ತಿಂಗಳಿಗೆ ಇಷ್ಟೆಂದು ಕಟ್ಟುತ್ತ ಬಂದಿದ್ದೇನೆ. ಕಟ್ಟಿದ್ದರ ರಸೀದಿಗಳು ಈ ಮೇಜಿನ ಮೇಲಿವೆ, ಬೇಕಾದವರು ಬಂದು ನೋಡಬಹುದು. ಇನ್ನು ಮೇಲೆ ನಮ್ಮ ನಿಧಿಗೆ ಇಬ್ಬರು ಖಜಾಂಚಿಗಳು ಇರಲಿ. ಒಬ್ಬರು ಗಿರಣಿಯವರು, ಒಬ್ಬರು ಪೇಟೆಯವರು. ಪ್ರತಿ ವಾರ ಲೆಕ್ಕವನ್ನು ಗೋಡೆಗೆ ಹಚ್ಚಲಿ. ನಂಬಿಕೆಗೆ ಲೆಕ್ಕ ಬೇಡ ಎನ್ನುವವರನ್ನು ನಾನು ಇನ್ನು ನಂಬುವುದಿಲ್ಲ. ಲೆಕ್ಕ ನೇರವಾಗಿರುವುದರಿಂದಲೇ ನಂಬಿಕೆ ಉಳಿಯುತ್ತದೆ.

ಅಂಗಡಿಕಾರ ಬಂಧುಗಳಿಗೂ ಒಂದು ಮಾತು. ದೊಡ್ಡ ಅಡತಿಯವರೂ ನೀವೂ ಒಂದೇ ಪೇಟೆಯಲ್ಲಿ ಕುಳಿತಿದ್ದೀರಿ, ಒಂದೇ ತಕ್ಕಡಿ ಹಿಡಿಯುತ್ತೀರಿ. ಅಷ್ಟರಿಂದಲೇ ಅವರು ನಿಮ್ಮವರೆಂದು ತಿಳಿಯಬೇಡಿರಿ. ನಿಮ್ಮ ಅಂಗಡಿ ನಡೆಯುವುದು ದುಡಿಯುವವನ ಪಗಾರದಿಂದ. ಅವನ ಪಗಾರ ಕದ್ದರೆ ಕಳುವಾಗುವುದು ನಿಮ್ಮ ಗಲ್ಲಾ. ಹಾಗೆಯೇ ನಿಮ್ಮಲ್ಲಿ ಯಾರಾದರೂ ತೂಕದಲ್ಲಿ ಕೈಮಾಡಿದರೆ ನಾವು ಇದೇ ಸಭೆಯಲ್ಲಿ ಹೇಳುತ್ತೇವೆ, ನೀವು ಸಿಟ್ಟಾಗಬಾರದು. ಕೊಳಗ ಎರಡೂ ಕಡೆಗೆ ಒಂದೇ.

ಬರುವ ಪಗಾರದ ದಿನ ಸಂಜೆ ಇದೇ ಜಾಗದಲ್ಲಿ ಕೂಡೋಣ. ಅಂಗಡಿಯವರ ಪುಸ್ತಕ ಇದೇ ಮೇಜಿನ ಮೇಲೆ ತೆರೆದಿರುತ್ತದೆ. ಹೆಸರನ್ನು ಯಾರೂ ಕೂಗುವುದಿಲ್ಲ. ಪ್ರತಿಯೊಬ್ಬರಿಗೂ ತಮ್ಮ ಬಾಕಿ ಗೊತ್ತಿದೆ. ಒಂದೇ ಸಲ ಆಗದವರು ಕಂತು ಹೇಳಿ. ಕಂತೂ ಆಗದವರು ಬಂದು ಬಾಯಿಂದ ಹೇಳಿ, ಅವರ ಪಾಲನ್ನು ಉಳಿದವರು ಹೊರೋಣ. ಆದರೆ ಬರದೆ ಮಾತ್ರ ಇರಬೇಡಿರಿ.

ಅಂದು ಈ ಮೇಜಿನ ಮುಂದೆ ಯಾರು ಬಂದು ನಿಲ್ಲುತ್ತಾರೋ ಅವರನ್ನು ನೋಡಿ ನಮ್ಮ ಹುಡುಗರು ಕಲಿಯುತ್ತಾರೆ. ಹಲಗೆಯ ಮೇಲೆ ಬರೆದ ಪ್ರಶ್ನೆಗೆ ನಾನು ಉತ್ತರ ಬರೆದಿಲ್ಲ. ಅದನ್ನು ಪಗಾರದ ದಿನ ನೀವು ಬರೆಯಿರಿ.